ರಂಗಣ್ಣ ಬ್ರೇಕ್ ಹಾಕಿದ ಜಾಗ

ರಂಗಣ್ಣನ ಹೆಸರು ಕೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಅವನ ಒಳ್ಳೆಯತನದ ಬಗ್ಗೆ ಬಸ್ಸಿನಲ್ಲಿ ಯಾರಾದರೂ ಮಾತು ತೆಗೆದರೆ, ರಸ್ತೆ ಖಾಲಿ ಇದ್ದರೂ ಹಾರ್ನ್ ಒತ್ತಿಬಿಡುತ್ತೇನೆ. ಹೊಳಲ್ಕೆರೆಯಲ್ಲಿ ಹತ್ತುವ ಏಕಾಂತಮ್ಮ ಎಂಬ ಮುದುಕಿ ಮಾತ್ರ ಹಾರ್ನಿಗೂ ಬಗ್ಗುವವಳಲ್ಲ. ಹೂವಿನ ಬುಟ್ಟಿಯನ್ನು ಎಂಜಿನ್ನಿನ ಪಕ್ಕಕ್ಕಿಟ್ಟು, "ರಂಗಸ್ವಾಮಿ ಇದ್ದಾಗ ಈ ಬುಟ್ಟಿಯಾಗೆ ಒಂದು ಹೂ ಅಲುಗ್ತಿರ್ಲಿಲ್ಲ ಕಣಪ್ಪ" ಎನ್ನುತ್ತಾಳೆ. ನನಗೆ ಕೇಳಲೆಂದೇ ಹೇಳುತ್ತಾಳೆ. ದಿನಾ ಹೇಳುತ್ತಾಳೆ.

ಆ ರಂಗಸ್ವಾಮಿ ಹುಟ್ಟಿದ್ದು ಆದಿವಾಲದ ಕಡೆಯ ಒಂದು ಹಟ್ಟಿಯಲ್ಲಿ, ಕುರಿ ಕಾಯುವವರ ಮನೆಯಲ್ಲಿ. ಅಣ್ಣ ಎತ್ತಪ್ಪ ಕುರಿಗಳ ಹಿಂದೆ ಉಳಿದ. ಇವನು ಹದಿನಾರನೇ ವಯಸ್ಸಿಗೆ, ಹಟ್ಟಿಗೆ ಕುರಿ ಕೊಳ್ಳಲು ಬಂದ ಲಾರಿಯೊಂದನ್ನು ಹತ್ತಿ ಕ್ಲೀನರ್ ಆದ. ಲಾರಿ ತೊಳೆದ, ಟೈರು ಕಳಚಿದ, ಬೈಸಿಕೊಂಡ, ಲೈಸನ್ಸ್ ಮಾಡಿಸಿಕೊಂಡ. ಆಮೇಲೆ ಚಿತ್ರದುರ್ಗದ ಚಿತ್ರಲಿಂಗಪ್ಪನವರ ಖಾಸಗಿ ಬಸ್ಸಿಗೆ ಡ್ರೈವರ್ ಆಗಿ ಬಂದ. ದುರ್ಗದಿಂದ ಹೊಳಲ್ಕೆರೆ, ಹೊಸದುರ್ಗ, ಅಲ್ಲಿಂದ ಬಾಗೂರು, ಮತ್ತೆ ವಾಪಸ್ಸು. ಹತ್ತೊಂಬತ್ತು ವರ್ಷ ಅದೇ ರಸ್ತೆ. ಒಂದು ಸೈಕಲ್ಲಿಗೂ ತಾಗಿಸಿದವನಲ್ಲ.

ನಾನು ದುರ್ಗೇಶ. ಅವನ ಬಸ್ಸಿಗೆ ಕ್ಲೀನರ್ ಆಗಿ ಬಂದಾಗ ನನಗೆ ಇಪ್ಪತ್ತೆರಡು. ಡ್ರೈವಿಂಗ್ ಕಲಿಸಿದವನು ಅವನೇ. ಪ್ರೀತಿಯಿಂದ ಕಲಿಸಿದ ಎಂದು ಯಾರೂ ತಿಳಿಯಬೇಡಿ, ಅವನು ಮುಂಗೋಪಿ. ತಿರುವಿನ ಮಧ್ಯೆ ನನ್ನ ಕಾಲು ಬ್ರೇಕಿಗೆ ಹೋಯಿತೋ, ಪಕ್ಕದಲ್ಲಿ ಕುಳಿತು ಕುರಿ ಅಟ್ಟುವ ಕೋಲಿನಿಂದ ಮೊಣಕಾಲಿಗೆ ಬಾರಿಸುತ್ತಿದ್ದ.

"ತಿರುವು ಬರಾಕ್ ಮುಂಚೆ ತುಳೀಲೇ. ತಿರುವಿನಾಗೆ ತುಳಿದ್ರೆ ಬಸ್ಸು ನಿನ್ ಮಾತು ಕೇಳಲ್ಲ, ತನ್ ದಾರಿ ಹಿಡೀತೈತೆ" ಎನ್ನುತ್ತಿದ್ದ. ಹೊರಗಿನಿಂದ ಬಾ, ಒಳಗಿನ ಅಂಚು ಮುಟ್ಟು, ಮತ್ತೆ ಹೊರಗೆ ಬಿಡು. ಕಣ್ಣು ಬಾನೆಟ್ಟಿನ ಮೇಲಲ್ಲ, ತಿರುವು ಮುಗಿಯುವ ಕಡೆ ಇರಬೇಕು. ನಿಧಾನವಾಗಿ ಒಳಹೋದವನೇ ಬೇಗ ಹೊರಬರುತ್ತಾನೆ. ಇಷ್ಟನ್ನು ಕಲಿಯಲು ನನ್ನ ಮೊಣಕಾಲು ಎರಡು ವರ್ಷ ನೀಲಿಗಟ್ಟಿತ್ತು.

ಅವನದೊಂದು ಹುಚ್ಚಿತ್ತು. ಕುರಿ ಹಿಂಡು ಅಡ್ಡ ಬಂದರೆ ಬಸ್ಸು ನಿಲ್ಲಿಸಿ ಕೀಲಿ ತಿರುಗಿಸಿ ಎಂಜಿನ್ನನ್ನೇ ಆಫ್ ಮಾಡುತ್ತಿದ್ದ. ಹಾರ್ನ್ ಒತ್ತುವಂತಿಲ್ಲ. ನಡುವೆ ಸ್ವಲ್ಪ ಸಂದು ಕಂಡರೂ ನುಗ್ಗುವಂತಿಲ್ಲ. ಹಿಂದೆ ಕುಂಟುತ್ತಾ ಬರುವ ಕೊನೆಯ ಕುರಿ ದಾಟಿದ ಮೇಲೆಯೇ ಮತ್ತೆ ಸ್ಟಾರ್ಟ್. ಅವರ ಹಟ್ಟಿಯಲ್ಲಿ ಹಿಂಡು ಒಡೆಯುವುದೆಂದರೆ ಹಾಲು ಚೆಲ್ಲಿದಷ್ಟೇ ಕೆಟ್ಟದ್ದಂತೆ. ಹಿಂಡು ಒಡೆದರೆ ತಾಯಿ ಆ ಕಡೆ, ಮರಿ ಈ ಕಡೆ. ಗಾಬರಿಬಿದ್ದ ತಾಯಿ ಮರಿಗೆ ಮೊಲೆ ಕೊಡುವುದಿಲ್ಲ. ಕಾಲೇಜಿಗೆ ಹೊರಟ ಹುಡುಗಿಯರು, ಕೋರ್ಟಿಗೆ ಹೊರಟವರು ಎಲ್ಲರೂ ಗೊಣಗುತ್ತಿದ್ದರು. ರಂಗಣ್ಣ ಹಿಂದಕ್ಕೆ ತಿರುಗಿ, "ಐದು ನಿಮಿಷ ತಡ ಆಯ್ತು ಅಂತ ಯಾರೂ ಸತ್ತಿಲ್ಲ, ಕುಂತ್ಕಳ್ರಿ ಸುಮ್ನೆ" ಎಂದು ಗದರುತ್ತಿದ್ದ. ಕುಳಿತುಕೊಳ್ಳುತ್ತಿದ್ದರು.

ಮುಂದೆ ನನಗೂ ಲೈಸನ್ಸ್ ಬಂತು, ಚಿತ್ರಲಿಂಗಪ್ಪನವರ ಎರಡನೇ ಬಸ್ಸು ನನ್ನ ಕೈಗೆ ಬಂತು. ಎರಡು ಬಸ್ಸು, ಇಬ್ಬರು ಡ್ರೈವರು, ಯಾರಿಗೂ ತಕರಾರಿರಲಿಲ್ಲ.

ಕಳೆದ ವರ್ಷ ಚಿತ್ರಲಿಂಗಪ್ಪನವರು ಲಕ್ವ ಹೊಡೆದು ಹಾಸಿಗೆ ಹಿಡಿದರು. ಮಗ ಚೇತನ್‌ಕುಮಾರ್ ಕುರ್ಚಿಗೆ ಬಂದ. ಈ ಮನುಷ್ಯನ ಬಗ್ಗೆ ಸಮಾಧಾನದಿಂದ ಬರೆಯಲು ನನ್ನಿಂದಾಗದು. ಶೆಡ್ಡಿನಿಂದ ಬಸ್ಸನ್ನು ರಿವರ್ಸ್ ತೆಗೆಯಲು ಬಾರದವನು ಅವನು. ಅಪ್ಪನ ಎರಡು ಬಸ್ಸನ್ನೂ ಮಾರಿ, ಕಣ್ಣು ಕುಕ್ಕುವ ಬಣ್ಣದ ಒಂದೇ ಹೊಸ ಬಸ್ಸು ತಂದ. ಆಮೇಲೆ ಆಫೀಸಿನಲ್ಲಿ ಅಪ್ಪನ ಮೇಜು ತೆಗೆಸಿ, ಆ ಜಾಗದಲ್ಲಿ ಎರಡು ದೊಡ್ಡ ಸ್ಕ್ರೀನು, ಎರಡು ಸ್ಟೇರಿಂಗು, ಕಾಲಿಗೆ ಪೆಡಲು, ಕುಳಿತರೆ ಸೊಂಟ ಹಿಡಿದುಕೊಳ್ಳುವ ಎರಡು ಕೆಂಪು ಸೀಟು ಜೋಡಿಸಿದ. ಕಾರ್ ರೇಸಿನ ಗೇಮು. ಮೊದಲು ನಾವು ಅದು ಅವನ ಆಟದ ಸಾಮಾನು ಎಂದುಕೊಂಡು ನಕ್ಕಿದ್ದೆವು. ಹಾಗಲ್ಲ, ಅದು ನಮಗಾಗಿ ತಂದದ್ದು.

"ಒಂದು ಬಸ್ಸು, ನೀವಿಬ್ರು. ನಾನು ಯಾರಿಗೂ ಅನ್ಯಾಯ ಮಾಡಲ್ಲ" ಎಂದ. "ಬರೋ ತಿಂಗಳು ಮೊದಲ್ನೇ ಸೋಮವಾರ ಇಬ್ರೂ ಇದರ ಮೇಲೆ ಕುಂತ್ಕಳ್ರಿ. ಮೂರು ಸುತ್ತು. ಗೆದ್ದೋರಿಗೆ ಬಸ್ಸು. ಯಾರ ರಿಫ್ಲೆಕ್ಸ್ ಚೆನ್ನಾಗೈತೆ ಅಂತ ಮಷಿನ್ನೇ ಹೇಳ್ತೈತೆ."

"ಸೋತೋರಿಗೆ?" ರಂಗಣ್ಣ ಕೇಳಿದ.

"ದುರ್ಗದಾಗೆ ಬೇರೆ ಬಸ್ಸಿಲ್ವಾ?" ಎಂದು ಚೇತನ್‌ಕುಮಾರ್ ಫೋನ್ ನೋಡತೊಡಗಿದ.

ನಲವತ್ತಾರು ದಾಟಿದ ಡ್ರೈವರನ್ನು ಯಾವ ಬಸ್ಸಿನವರೂ ಹೊಸದಾಗಿ ತೆಗೆದುಕೊಳ್ಳುವುದಿಲ್ಲ. ಅದು ನನಗೂ ಗೊತ್ತಿತ್ತು, ರಂಗಣ್ಣನಿಗೂ ಗೊತ್ತಿತ್ತು, ಆ ಚೇತನ್‌ಕುಮಾರನಿಗೂ ಗೊತ್ತಿತ್ತು. ಹತ್ತೊಂಬತ್ತು ವರ್ಷ ಹಿಡಿದ ಸ್ಟೇರಿಂಗು ಉಳಿಯಬೇಕಾದರೆ ರಂಗಣ್ಣ ಮಕ್ಕಳ ಆಟದಲ್ಲಿ ಗೆಲ್ಲಬೇಕಾಗಿತ್ತು.

ಅಭ್ಯಾಸಕ್ಕೆಂದು ದಿನಾ ಮಧ್ಯಾಹ್ನ ಒಂದು ಗಂಟೆ ಕೊಟ್ಟಿದ್ದ. ಮೊದಲ ದಿನ ರಂಗಣ್ಣನ ಕಾರು ಹತ್ತು ಸಲ ಗೋಡೆಗೆ ಬಡಿಯಿತು, ಎರಡು ಸಲ ಕಣಿವೆಗೆ ಬಿತ್ತು. ಅವನು ಬೆವರಿಬಿಟ್ಟ. "ಬಸ್ಸು ಎಷ್ಟು ವಾಲ್ತೈತೆ ಅಂತ ಬೆನ್ನಿಗೆ ಗೊತ್ತಾಗ್ತೈತೆ ಕಣಲೇ. ಇಲ್ಲಿ ಬೆನ್ನಿಗೆ ಏನೂ ಗೊತ್ತಾಗಲ್ಲ" ಎಂದ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದು ಚೇತನ್‌ಕುಮಾರ್ ಬಾಗಿಲಲ್ಲಿ ನಿಂತು ನಕ್ಕ. ಆ ದಿನ ಅವನ ಕೆನ್ನೆಗೆ ಬಾರಿಸಬೇಕಿತ್ತು. ಬಾರಿಸಲಿಲ್ಲ, ನನಗೂ ಬಸ್ಸು ಬೇಕಿತ್ತು.

ಒಂದು ವಾರದಲ್ಲಿ ರಂಗಣ್ಣ ಆ ಮಷಿನ್ನನ್ನು ಪಳಗಿಸಿಬಿಟ್ಟ. ಬೆನ್ನಿಗೆ ತಿಳಿಯದ್ದನ್ನು ಕಿವಿಗೆ ಕೇಳಿಸಿಕೊಳ್ಳಲು ಕಲಿತ. ಟೈರು ಕೀರಲು ಶುರುವಾಯಿತೆಂದರೆ ಸ್ಟೇರಿಂಗು ಹೆಚ್ಚಾಯಿತು ಎಂದರ್ಥ. ರಸ್ತೆ ಬದಿಯ ಒಂದೊಂದು ಮರ, ಒಂದೊಂದು ಬೋರ್ಡು ಗುರುತಿಟ್ಟುಕೊಂಡ. ಹಳದಿ ಬೋರ್ಡಿಗೆ ಬ್ರೇಕು, ಒಣಮರಕ್ಕೆ ಗೇರು, ಸೇತುವೆ ಕಂಡ ಕೂಡಲೇ ಪೂರ್ತಿ ಎಕ್ಸಿಲರೇಟರು. ಸಾಹುಕಾರ ಚೇತನ್‌ಕುಮಾರನ ಆಟವೆಂದರೆ ಗೋಡೆಗೆ ಉಜ್ಜಿಕೊಂಡು, ತಿರುವಿನಲ್ಲಿ ಬ್ರೇಕ್ ಜಗ್ಗಿ, ಕಿಡಿ ಹಾರಿಸಿಕೊಂಡು ಹೋಗುವುದು. ರಂಗಣ್ಣನ ಕಾರು ಸದ್ದಿಲ್ಲದೆ ಹೋಗುತ್ತಿತ್ತು. ನೋಡುವವರಿಗೆ ನಿಧಾನ ಎನಿಸುತ್ತಿತ್ತು, ಗಡಿಯಾರ ನೋಡಿದರೆ ಎಲ್ಲರಿಗಿಂತ ಮುಂದೆ.

ನನಗೂ ಕಲಿಸಿದ. ಎದುರಾಳಿಗೆ ಕಲಿಸುವ ಮೂರ್ಖರು ಲೋಕದಲ್ಲಿ ಎಷ್ಟು ಜನ ಇದ್ದಾರೆ ಹೇಳಿ? "ಮುಂದಿನ ಬಂಡಿ ಬೆನ್ನಿಗೆ ಅಂಟ್ಕಾ. ಹೈವೇನಾಗೆ ಲಾರಿ ಹಿಂದೆ ಹೋಗಲ್ವಾ, ಹಂಗೆ. ಗಾಳಿ ಹೊಡೆತ ಅವನಿಗೆ, ವೇಗ ನಿನಗೆ. ತಿರುವಿನಾಗೆ ಮುಂದೆ ಹೋಗಾಕೆ ಹೋಗ್ಬೇಡ. ತಿರುವು ಮುಗೀತಿದ್ದಂಗೆ ಹೊರಗೆ ಬಾ" ಎಂದ. ಕೋಲು ಇರಲಿಲ್ಲ, ಬೆರಳಿನಿಂದಲೇ ಮೊಣಕಾಲು ಕುಟ್ಟಿದ.

ಎಲ್ಲವೂ ಸರಿಯಿತ್ತು, ಒಂದು ಜಾಗ ಬಿಟ್ಟು.

ಇಳಿಜಾರಿನ ಕೊನೆಗೆ ಒಂದು ಹಳ್ಳಿ ಬರುತ್ತಿತ್ತು. ಎರಡನೇ ಸುತ್ತಿನಲ್ಲಿ ಮಾತ್ರ ಅಲ್ಲಿ ಕುರಿ ಹಿಂಡೊಂದು ರಸ್ತೆ ದಾಟುತ್ತಿತ್ತು. ಅಂದಕ್ಕೆಂದು ಬಿಟ್ಟ ಕುರಿಗಳು ಅವು. ಕಾರು ನುಗ್ಗಿಸಿದರೆ ಏನೂ ಆಗುತ್ತಿರಲಿಲ್ಲ, ಹೊಗೆಯ ಹಾಗೆ ಕಾರಿನ ಒಳಗಿನಿಂದ ಹಾದು ಹೋಗುತ್ತಿದ್ದವು. ಆಡುವವರೆಲ್ಲ ನುಗ್ಗಿಸುತ್ತಿದ್ದರು. ರಂಗಣ್ಣ ನಿಲ್ಲಿಸುತ್ತಿದ್ದ. ಪೂರ್ತಿ ಹಿಂಡು ದಾಟಲು ಒಂಬತ್ತು ಸೆಕೆಂಡ್. ರೇಸಿನಲ್ಲಿ ಒಂಬತ್ತು ಸೆಕೆಂಡ್ ಎಂದರೆ ಒಂದು ಯುಗ.

"ಅವು ಬರೀ ಚಿತ್ರ ಕಣಣ್ಣ" ಎಂದೆ.

"ಗೊತ್ತೈತಲೇ. ನಾನೇನು ಕುರುಡನಾ?"

"ಮತ್ತೆ ಯಾಕೆ ನಿಲ್ತೀಯಾ?"

"ಕಾಲು ಹೋಗಲ್ಲ" ಎಂದ. ಅವನಿಗೆ ತನ್ನ ಮೇಲೆಯೇ ಸಿಟ್ಟು ಬಂದಿತ್ತು. ಹನ್ನೆರಡು ಸಲ ಪ್ರಯತ್ನಪಟ್ಟ. ಹಲ್ಲು ಕಚ್ಚಿ, ಒಮ್ಮೆ ಕಣ್ಣು ಮುಚ್ಚಿಯೂ ನೋಡಿದ. ಹನ್ನೆರಡು ಸಲವೂ ಬಲಗಾಲು ತಾನಾಗಿ ಬ್ರೇಕಿಗೆ ಹೋಯಿತು. ಕೊನೆಗೆ, "ಹೋಗ್ಲಿ ಬಿಡು. ಆ ಒಂಬತ್ತು ಸೆಕೆಂಡ್ ಮುಂಚೇನೇ ದುಡ್ಕಂತೀನಿ. ಮೈ ಬಗ್ಗಿಸಿ ಓಡಿಸಿದ್ರೆ ಆಗ್ತೈತೆ" ಎಂದ. ಆಗುತ್ತಿತ್ತು. ಎರಡು ದಿನ ನನ್ನೆದುರೇ ಓಡಿಸಿ ತೋರಿಸಿದ. ಹಿಂಡಿನ ಹತ್ತಿರ ಬರುವಷ್ಟರಲ್ಲಿ ನನಗಿಂತ ಹತ್ತು ಸೆಕೆಂಡ್ ಮುಂದಿದ್ದ. ನಿಂತ, ಕಾದ, ಆಮೇಲೂ ಗೆದ್ದ.

ಆಗ ನಾನು ಒಂದು ಮಾತು ಆಡಿದೆ. ಅವನು ಕೇಳಿರಲಿಲ್ಲ, ನಾನಾಗಿಯೇ ಆಡಿದೆ. "ಅಷ್ಟೆಲ್ಲ ಯಾಕಣ್ಣ ತಿಣುಕ್ತೀಯಾ? ನಾನೂ ನಿಲ್ಲಿಸ್ತೀನಿ. ಇಬ್ರೂ ನಿಂತ್ರೆ ಲೆಕ್ಕ ಸಮ ಆಯ್ತಲ್ಲ. ಗೆದ್ದೋನು ಗೆಲ್ಲಲಿ" ಎಂದೆ. ಹೇಳುವಾಗ ಮನಸ್ಸಿನಲ್ಲಿ ಕಪಟವಿರಲಿಲ್ಲ. ಇದನ್ನು ಯಾರು ನಂಬುತ್ತಾರೋ ಬಿಡುತ್ತಾರೋ, ನನಗೆ ಗೊತ್ತಿಲ್ಲ.

ರಂಗಣ್ಣ ನನ್ನ ಮುಖ ನೋಡಿ, "ನಮ್ ಹಟ್ಟಿಯಾಗೆ ಹುಟ್ಬೇಕಿತ್ತು ನೋಡು ನೀನು" ಎಂದ. ಹನ್ನೆರಡು ವರ್ಷದಲ್ಲಿ ಅವನು ನನ್ನನ್ನು ಹೊಗಳಿದ್ದು ಅದೊಂದೇ ಸಲ.

ಸೋಮವಾರ ಹನ್ನೊಂದು ಗಂಟೆಗೆ ಆಫೀಸು ತುಂಬಿತ್ತು. ಕಂಡಕ್ಟರ್ ಗೋವರ್ಧನ, ಟೀ ಅಂಗಡಿಯವರು, ಬೇರೆ ಬಸ್ಸಿನ ಡ್ರೈವರುಗಳು, ಎಲ್ಲರೂ ಕುರಿ ಸಂತೆಗೆ ಬಂದವರ ಹಾಗೆ ನಿಂತಿದ್ದರು. ರಂಗಣ್ಣ ಇಸ್ತ್ರಿ ಮಾಡಿದ ಖಾಕಿ ಹಾಕಿಕೊಂಡು ಬಂದಿದ್ದ. ಕೂರುವ ಮುಂಚೆ, ಬಸ್ಸಿಗೆ ಮಾಡುವಂತೆ, ಸ್ಟೇರಿಂಗು ಮುಟ್ಟಿ ಕಣ್ಣಿಗೊತ್ತಿಕೊಂಡ. ಹಿಂದೆ ಯಾರೋ ಕಿಸಕ್ಕೆಂದರು.

ಮೊದಲ ಸುತ್ತು ಮುಗಿದಾಗ ಅವನು ನನಗಿಂತ ಮೂರು ಸೆಕೆಂಡ್ ಮುಂದಿದ್ದ, ಅಷ್ಟೇ. ಹತ್ತು ಸೆಕೆಂಡ್ ಮುಂದೆ ಹೋಗಬಲ್ಲವನು ಮೂರಕ್ಕೇ ಸುಮ್ಮನಿದ್ದ. ಯಾಕೆಂದು ನನಗೊಬ್ಬನಿಗೇ ಗೊತ್ತಿತ್ತು. ನನ್ನ ಮಾತು ನಂಬಿ ಅವನು ಸಲೀಸಾಗಿ ಓಡಿಸುತ್ತಿದ್ದ. ಎರಡನೇ ಸುತ್ತು, ಇಳಿಜಾರು, ಹಳ್ಳಿ. ಕುರಿಗಳು ಬಂದವು. ರಂಗಣ್ಣ ನಿಲ್ಲಿಸಿದ. ಅವನ ಕೈ ಸ್ಟೇರಿಂಗಿನ ಕೆಳಗೆ, ಅಲ್ಲಿ ಇಲ್ಲದ ಕೀಲಿಯನ್ನು ಹುಡುಕಿತು. ಎಂಜಿನ್ ಆಫ್ ಮಾಡಲು. ಆಫೀಸಿಗೆ ಆಫೀಸೇ ಗೊಳ್ಳೆಂದು ನಕ್ಕಿತು.

ನಾನು ಹಿಂದಿನಿಂದ ಬಂದೆ. ನನ್ನ ಕಾಲು ಬ್ರೇಕಿನ ಮೇಲಿತ್ತು, ದೇವರಾಣೆಗೂ ಇತ್ತು. ಚೇತನ್‌ಕುಮಾರ್ ನನ್ನ ಕಿವಿಯ ಹತ್ತಿರ ಬಗ್ಗಿ, "ನಿನ್ನೂ ನಗ್ತಾರೆ ನೋಡು. ತುಳಿ" ಎಂದ. ಅಷ್ಟೇ ಹೇಳಿದ್ದು. ಬಸ್ಸು ಕೊಡ್ತೀನಿ ಎನ್ನಲಿಲ್ಲ, ಬೆದರಿಸಲಿಲ್ಲ. ನಗ್ತಾರೆ ಎಂದ.

ಎಕ್ಸಿಲರೇಟರ್ ತುಳಿದೆ. ಕುರಿಗಳು ನನ್ನ ಕಾರಿನ ಒಳಗಿನಿಂದ ಹಾದು ಹೋದವು. ನಿಂತಿದ್ದ ರಂಗಣ್ಣನ ಕಾರು ಪಕ್ಕದಲ್ಲಿ ಹಿಂದೆ ಸರಿಯಿತು.

ಆಮೇಲೆ ಅವನು ಓಡಿಸಿದ ರೀತಿಯನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಆರು ಸೆಕೆಂಡಿನ ಅಂತರವನ್ನು ಒಂದೊಂದೇ ತಿರುವಿನಲ್ಲಿ ಕಿತ್ತುಕೊಂಡು ಬಂದ. ನಕ್ಕವರೆಲ್ಲ ಬಾಯಿ ಮುಚ್ಚಿಕೊಂಡರು. ಕೊನೆಯ ನೇರ ರಸ್ತೆಯಲ್ಲಿ ನನ್ನ ಬೆನ್ನಿಗೆ ಅಂಟಿ, ಹೊರಗೆ ಬಂದು, ಪಕ್ಕಕ್ಕೆ ಏರಿದ. ರೇಸ್ ಮುಗಿಯುವ ಗೆರೆ ಬಂತು. ಅರ್ಧ ಸೆಕೆಂಡಿಗೆ ನಾನು ಗೆದ್ದೆ. ಗುರುವಿಗೇ ತಿರುಮಂತ್ರ ಹಾಕಿದೆ.

"ಎಷ್ಟಾದ್ರೂ ಕುರಿ ಬುದ್ಧಿ ಬಿಡ್ಲಿಲ್ಲ ನೋಡ್ರಿ ರಂಗಸ್ವಾಮಿ" ಎಂದು ಚೇತನ್‌ಕುಮಾರ್ ಚಪ್ಪಾಳೆ ತಟ್ಟಿದ.

ರಂಗಣ್ಣ ಎದ್ದ. ಕೊರಳಿನ ನರ ಉಬ್ಬಿತ್ತು. ಹೊಡೆದೇಬಿಡುತ್ತಾನೆ ಎಂದುಕೊಂಡೆ. "ಸಾಹುಕಾರ, ಇವು ಚಿತ್ರ ಅಂತ ನನಗೂ ಗೊತ್ತೈತೆ, ನಿನಗೂ ಗೊತ್ತೈತೆ. ಕಾಲಿಗೆ ಗೊತ್ತಿಲ್ಲ. ಇಲ್ಲಿ ಏನ್ ಕಲಿಸ್ತೀಯೋ ಕಾಲು ಅದನ್ನೇ ರಸ್ತೆ ಮ್ಯಾಲೂ ಮಾಡ್ತೈತೆ" ಎಂದ. ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟ. ನನ್ನ ಕಡೆ ನೋಡಲಿಲ್ಲ. ಬಾಯಿ ತುಂಬ ಬೈದಿದ್ದರೆ, ಅಥವಾ ಆ ಕೋಲು ತಂದು ಮೊಣಕಾಲು ಮುರಿದಿದ್ದರೆ, ನನ್ನ ಮನಸ್ಸು ಹಗುರಾಗುತ್ತಿತ್ತು. ಅದನ್ನೂ ಮಾಡದೆ ಹೋದ ಎಂದೇ ನನಗೆ ಅವನ ಮೇಲೆ ಸಿಟ್ಟು.

ಹೊಸ ಬಸ್ಸು ನನ್ನದಾಯಿತು. ಚೇತನ್‌ಕುಮಾರ್ ಆ ಗೇಮನ್ನು ಅಷ್ಟಕ್ಕೇ ಬಿಡಲಿಲ್ಲ. ವಾರಕ್ಕೆ ಮೂರು ದಿನ ಆಡಬೇಕು, ಟೈಮಿಂಗನ್ನು ಗೋಡೆಯ ಚಾರ್ಟಿನಲ್ಲಿ ಬರೆಯಬೇಕು ಎಂದ. ಆಡಿದೆ. ಮೊದಮೊದಲು ಆ ಹಳ್ಳಿ ಬಂದಾಗ ಕಾಲು ಅಳುಕುತ್ತಿತ್ತು. ಒಂದು ತಿಂಗಳಿಗೆ ಅಳುಕು ಹೋಯಿತು. ಮೂರು ತಿಂಗಳಿಗೆ ಅಲ್ಲಿ ಕುರಿಗಳಿವೆ ಎಂಬುದೂ ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ.

ರಂಗಣ್ಣ ಬೇರೆ ಬಸ್ಸುಗಳಿಗೆ ಅಲೆದು, ಎಲ್ಲೂ ಆಗದೆ ಅಣ್ಣ ಎತ್ತಪ್ಪನ ಕುರಿಗಳ ಹಿಂದೆ ಹೋದನೆಂದು ಸುದ್ದಿ ಬಂತು. ಬೇಸಿಗೆಗೆ ಹಿಂಡು ಹೊಡೆದುಕೊಂಡು ಬಾಗೂರಿನ ಕಡೆಯ ಹೊಲಗಳಲ್ಲಿ ಬೀಡುಬಿಟ್ಟಿದ್ದರು. ಕುರಿ ಗೊಬ್ಬರಕ್ಕೆಂದು ಹೊಲದವರೇ ಕರೆಸಿಕೊಳ್ಳುತ್ತಾರೆ. ಬಸ್ಸಿನಿಂದ ದೂರದಲ್ಲಿ ಅವನ ಖಾಕಿ ಅಂಗಿ ಮೂರು ಸಲ ಕಂಡಿತು. ಕುರಿ ಕಾಯಲೂ ಆ ಖಾಕಿಯನ್ನೇ ಹಾಕುತ್ತಿದ್ದ. ಮೂರು ಸಲವೂ ನಾನು ಕನ್ನಡಿ ಸರಿಮಾಡುವವನಂತೆ ಮುಖ ತಿರುಗಿಸಿದೆ.

ನಾಲ್ಕನೇ ಸಲ, ಬೆಳಿಗ್ಗೆ ಹತ್ತು ಗಂಟೆ. ಬಾಗೂರಿಗೆ ಇನ್ನೂ ನಾಲ್ಕು ಕಿಲೋಮೀಟರ್ ಇತ್ತು. ಇಳಿಜಾರು ತಿರುಗಿದೆ. ರಸ್ತೆಯ ತುಂಬ ಕುರಿ.

ನಾನು ಕಂಡೆ. ಕಾಣಲಿಲ್ಲ ಎಂದು ಸುಳ್ಳು ಹೇಳಲಾರೆ, ಚೆನ್ನಾಗಿಯೇ ಕಂಡೆ. ಕಾಲು ಮಾತ್ರ ಎಕ್ಸಿಲರೇಟರ್ ಬಿಡಲಿಲ್ಲ. ಅವು ಹೊಗೆಯ ಹಾಗೆ ಹಾದು ಹೋಗುತ್ತವೆ ಎಂದು ಅದು ಕಾಯುತ್ತಿತ್ತು. ಗೋವರ್ಧನ ಹಿಂದಿನಿಂದ "ದುರ್ಗೇಶಣ್ಣ" ಎಂದು ಕಿರುಚಿದ ಮೇಲೆಯೇ ಬ್ರೇಕ್ ತುಳಿದದ್ದು. ಬಸ್ಸಿನಲ್ಲಿ ನಿಂತವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು. ಬಂಪರಿಗೆ ಏನೋ ಮೆತ್ತಗೆ ಬಡಿದ ಸದ್ದು ಕೇಳಿತು. ಬಸ್ಸು ಹಿಂಡಿನ ನಟ್ಟನಡುವೆ ನಿಂತಿತ್ತು. ಅರ್ಧ ಕುರಿಗಳು ಎಡಕ್ಕೆ, ಅರ್ಧ ಬಲಕ್ಕೆ. ಎರಡೂ ಕಡೆಯಿಂದ ಮರಿಗಳು ಅರಚುತ್ತಿದ್ದವು.

ಕೀಲಿ ತಿರುಗಿಸಿ ತೆಗೆದುಕೊಂಡು ಕೆಳಗಿಳಿದೆ. ಬಂಪರಿನ ಮುಂದೆ ಒಂದು ಕುರಿ ಬಿದ್ದಿತ್ತು, ಮುಂಗಾಲು ಮುರಿದು ಜೋತಾಡುತ್ತಿತ್ತು. ಕೆಚ್ಚಲು ತುಂಬಿದ ತಾಯಿಕುರಿ. ಖಾಕಿ ಅಂಗಿಯವನು ಓಡಿ ಬಂದು ಮಂಡಿಯೂರಿ ಅದರ ಕಾಲು ಹಿಡಿದ. ಅಂಗಿಯ ಜೇಬಿನ ಮೇಲೆ ನಮ್ಮ ಬಸ್ಸಿನ ಹಳೆಯ ಹೆಸರು ಹೊಲಿದಿದ್ದದ್ದು ಹಾಗೇ ಇತ್ತು.

"ಅಣ್ಣ" ಎಂದೆ.

ಅವನು ತಲೆಯೆತ್ತಲಿಲ್ಲ. ಹೆಗಲಿನ ಟವೆಲ್ಲು ಹರಿದು, ಎರಡು ಕಡ್ಡಿ ಇಟ್ಟು ಕುರಿಯ ಕಾಲು ಕಟ್ಟಿದ. ಕಟ್ಟಿ ಮುಗಿಸುವ ತನಕ ಬಸ್ಸಿನಲ್ಲಿ ಯಾರೂ ಗೊಣಗಲಿಲ್ಲ. ಆಮೇಲೆ ಕುರಿಯನ್ನು ಎತ್ತಿ ಹೆಗಲ ಮೇಲೆ ಹಾಕಿಕೊಂಡು ಎದ್ದು ನಿಂತು, ಅಷ್ಟು ತಿಂಗಳ ಮೇಲೆ ಮೊದಲ ಸಲ ನನ್ನ ಮುಖ ನೋಡಿದ.

"ಎಷ್ಟು ಸೆಕೆಂಡ್ ಉಳೀತಲೇ ದುರ್ಗೇಶ?"

ಅವನು ಬಾಯಲ್ಲಿ ಹರ್ರ್ ಎಂದು ಸದ್ದು ಮಾಡುತ್ತಾ, ಒಡೆದ ಹಿಂಡನ್ನು ಬಸ್ಸಿನ ಮುಂದಿನಿಂದಲೇ ಒಂದೊಂದಾಗಿ ದಾಟಿಸತೊಡಗಿದ. ತುಂಬಾ ಹೊತ್ತು ಹಿಡಿಯಿತು. ಕೊನೆಯ ಮರಿ ದಾಟುವ ತನಕ ನಾನು ರಸ್ತೆಯಲ್ಲೇ ನಿಂತಿದ್ದೆ, ಕೀಲಿ ನನ್ನ ಮುಷ್ಟಿಯಲ್ಲಿತ್ತು.